ಬೆಂಗಳೂರು ಪೇಟೆಯನ್ನು ಒಂದು ದಿನದಲ್ಲಿ ನಡೆದು ನೋಡಬಹುದಾ? ಅಮ್ಮನ ಜೊತೆ ಬರುತ್ತಿದ್ದೇನೆ

ಬೆಣ್ಣೆನಗರಿ · ಮಂಗಳವಾರ, ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ನಮ್ಮದು ದಾವಣಗೆರೆ. ಶುಕ್ರವಾರ ಬೆಂಗಳೂರಲ್ಲಿ ನೆಂಟರ ಮದುವೆ. ಶನಿವಾರ ಇಡೀ ದಿನ ಖಾಲಿ ಇದೆ, ರಾತ್ರಿ ರೈಲಿಗೆ ವಾಪಸ್. ಉಳಿಯುವುದು ಮೆಜೆಸ್ಟಿಕ್ ಹತ್ತಿರ.

ಅಮ್ಮ ಪ್ರೈಮರಿ ಶಾಲೆಯಲ್ಲಿ ಟೀಚರ್ ಆಗಿದ್ದವರು, ಈಗ ನಿವೃತ್ತಿ. ಕೆಂಪೇಗೌಡರು ಪೇಟೆ ಕಟ್ಟಿದ ಪಾಠವನ್ನು ವರ್ಷಗಟ್ಟಲೆ ಮಕ್ಕಳಿಗೆ ಹೇಳಿದ್ದಾರೆ. ಆದರೆ ಆ ಬೀದಿಗಳಲ್ಲಿ ನಡೆದೇ ಇಲ್ಲ. ಬೆಂಗಳೂರಿಗೆ ಬಂದಾಗಲೆಲ್ಲ ಛತ್ರ, ಆಸ್ಪತ್ರೆ, ಮತ್ತೆ ಬಸ್ ಸ್ಟ್ಯಾಂಡ್. ಈ ಸಲ ಚಿಕ್ಕಪೇಟೆ, ಅವೆನ್ಯೂ ರೋಡ್, ಮಾರ್ಕೆಟ್, ಕೋಟೆ ಇಷ್ಟನ್ನಾದರೂ ನಡೆದುಕೊಂಡೇ ತೋರಿಸಬೇಕು ಅಂತ ಆಸೆ.

ಬೆಂಗಳೂರಿನ ನೆಂಟರು "ಅಲ್ಲೇನಿದೆ? ಬರೀ ಜನ, ಧೂಳು. ಸುಮ್ನೆ ಯಾವುದಾದರೂ ಮಾಲ್‌ಗೆ ಹೋಗಿ" ಅಂತಿದ್ದಾರೆ. ನೀವೇನಂತೀರಿ? ಎಲ್ಲಿಂದ ಶುರು ಮಾಡಬೇಕು? ಅಮ್ಮನಿಗೆ ಸಮತಟ್ಟು ದಾರಿಯಲ್ಲಿ ನಡೆಯಲು ತೊಂದರೆ ಇಲ್ಲ, ಮೆಟ್ಟಿಲು ಮಾತ್ರ ಕಷ್ಟ. ತಿಂಡಿ, ಟಾಯ್ಲೆಟ್ ಬಗ್ಗೆಯೂ ಹೇಳಿ ದಯವಿಟ್ಟು.

ನಾಲ್ಕನೇ_ಬ್ಲಾಕ್ · 9:24

ಪೇಟೆ ಬೇಡ. ಲಾಲ್‌ಬಾಗ್‌ಗೆ ಕರೆದುಕೊಂಡು ಹೋಗಿ. ನೆರಳಿದೆ, ಕೂರಲು ಬೆಂಚಿದೆ.

ತರಗುಪೇಟೆ_ಮೊಮ್ಮಗ · 9:51

ಲಾಲ್‌ಬಾಗ್ ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದರೆ ಅವರು ಕೇಳಿದ್ದು ಪೇಟೆ. ನಲವತ್ತು ಮಕ್ಕಳ ಮುಂದೆ ನಿಂತು ಪಾಠ ಹೇಳಿದ ಊರನ್ನು ನೋಡಬೇಕು ಅನ್ನುವವರಿಗೆ ಹೂವಿನ ಪಾತಿ ತೋರಿಸಿ ಕಳಿಸುವುದು ಸರಿಯಲ್ಲ.

ಮೇಡಂ, ನನ್ನ ಮಾತು ಕೇಳಿ. ಮೆಜೆಸ್ಟಿಕ್‌ನಿಂದ ಕೆಂಪೇಗೌಡ ರಸ್ತೆಯಲ್ಲಿ ಮೈಸೂರು ಬ್ಯಾಂಕ್ ಸರ್ಕಲ್‌ಗೆ ಬನ್ನಿ. ಬ್ಯಾಂಕು 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾ ಜೊತೆ ಸೇರಿಹೋಯಿತು, ಆದರೆ ಆಟೊದವರನ್ನು ಕೇಳಿ, ಹೆಸರು ಇವತ್ತಿಗೂ ಅದೇ. ಪೇಟೆಯ ಯಲಹಂಕ ಬಾಗಿಲು ಇದ್ದದ್ದು ಆ ಜಾಗದಲ್ಲಿ. ಬಾಗಿಲು ಹೋಗಿದೆ, ಅದರ ಆಂಜನೇಯ ಇನ್ನೂ ಅಲ್ಲೇ ಇದ್ದಾನೆ. ಅಲ್ಲಿ ಕೈ ಮುಗಿದು ದಕ್ಷಿಣಕ್ಕೆ ಹೊರಡಿ. ಈಗ ಅವೆನ್ಯೂ ರೋಡ್ ಅನ್ನುತ್ತಾರೆ. ಹಳೇ ಹೆಸರು ದೊಡ್ಡಪೇಟೆ.

ಮೊದಲು ಎರಡೂ ಕಡೆ ಪುಸ್ತಕ. ಆಮೇಲೆ ರೈಸ್ ಚರ್ಚ್ ಸಿಗುತ್ತದೆ. ಬೆಂಜಮಿನ್ ಹೋಲ್ಟ್ ರೈಸ್ ಅನ್ನುವ ಪಾದ್ರಿಯ ನೆನಪಿಗೆ ಕಟ್ಟಿದ್ದು. ಕನ್ನಡ ಚೆನ್ನಾಗಿ ಕಲಿತಿದ್ದವರು. ಅವರ ಮಗನೇ ನಮ್ಮ ನಾಡಿನ ಶಾಸನಗಳನ್ನೆಲ್ಲ ಹುಡುಕಿ ಅಚ್ಚು ಹಾಕಿಸಿದ ಬಿ. ಎಲ್. ರೈಸ್. ನಿಮ್ಮ ತಾಯಿಗೆ ಇದು ಖಂಡಿತ ಇಷ್ಟವಾಗುತ್ತದೆ.

ಮುಂದೆ ಹೋದರೆ ಚಿಕ್ಕಪೇಟೆ ರಸ್ತೆ ಅಡ್ಡ ಬರುತ್ತದೆ. ಇದೇ ಆ ಜಾಗ. 1537ರಲ್ಲಿ ಕೆಂಪೇಗೌಡರು ನಾಲ್ಕು ಜೋಡಿ ಎತ್ತಿಗೆ ನೇಗಿಲು ಕಟ್ಟಿಸಿ ನಾಲ್ಕು ದಿಕ್ಕಿಗೆ ಬಿಟ್ಟರು ಅನ್ನುವ ಕಥೆ ಇದೆಯಲ್ಲ, ಆ ನಾಲ್ಕು ಗೆರೆಗಳು ಕೂಡುವುದು ಇಲ್ಲೇ. ಉತ್ತರಕ್ಕೆ ಯಲಹಂಕ, ದಕ್ಷಿಣಕ್ಕೆ ಆನೇಕಲ್, ಪೂರ್ವಕ್ಕೆ ಹಲಸೂರು, ಪಶ್ಚಿಮಕ್ಕೆ ಸೊಂಡೆಕೊಪ್ಪದ ಬಾಗಿಲು. ಒಂದು ಫಲಕವನ್ನೂ ಹುಡುಕಬೇಡಿ, ಸುಮ್ಮನೆ ಅಂಗಡಿ ಮೆಟ್ಟಿಲ ಪಕ್ಕ ಐದು ನಿಮಿಷ ನಿಂತು ನಾಲ್ಕೂ ಕಡೆ ನೋಡಿ.

ಅಲ್ಲಿಂದ ನೇರ ಹೋದರೆ ಮಾರ್ಕೆಟ್, ಕೋಟೆ, ಟಿಪ್ಪು ಅರಮನೆ. ಅವೆನ್ಯೂ ರೋಡ್ ಉದ್ದ ಹೆಚ್ಚಿಲ್ಲ, ಒಂದೂವರೆ ಕಿಲೋಮೀಟರ್ ಒಳಗೇ.

ಹೂವಿನ_ಹೊತ್ತು · 10:05

ದಾರಿ ಸರಿ, ದಿಕ್ಕು ತಪ್ಪು ಅಣ್ಣಾ. ನಿಮ್ಮ ಲೆಕ್ಕದಲ್ಲಿ ಹೋದರೆ ಮಾರ್ಕೆಟ್ ತಲುಪುವಾಗ ಬಿಸಿಲು ನೆತ್ತಿಗೆ ಬಂದಿರುತ್ತದೆ. ಆಗ ಕೆ.ಆರ್. ಮಾರ್ಕೆಟ್‌ನಲ್ಲಿ ಕಾಣೋದು ಬಾಡಿದ ಸೊಪ್ಪು, ಗಾಡಿ ಗದ್ದಲ.

ಹೂವಿನ ವ್ಯಾಪಾರ ಬೆಳಗಿನ ಜಾವಕ್ಕೇ ಶುರು. ಆರು, ಆರೂವರೆಗೆ ಅಲ್ಲಿದ್ದರೆ ಸೇವಂತಿಗೆ, ಚೆಂಡು ಹೂವು, ಕನಕಾಂಬರ ಗುಡ್ಡೆಗುಡ್ಡೆ ಇರುತ್ತದೆ. ಅಲ್ಲಿಂದ ಶುರು ಮಾಡಿ, ಉತ್ತರಕ್ಕೆ ನಡೆಯುತ್ತಾ ಬನ್ನಿ. ಅವೆನ್ಯೂ ರೋಡ್ ಅಂಗಡಿಗಳು ಬಾಗಿಲು ತೆಗೆಯುವುದೇ ಹತ್ತೂವರೆ ಹನ್ನೊಂದಕ್ಕೆ. ಲೆಕ್ಕ ಸರಿಹೋಗುತ್ತದೆ.

ತರಗುಪೇಟೆ_ಮೊಮ್ಮಗ · 10:11

ಊರಿಗೆ ಬರುವವರು ಬಾಗಿಲಿಂದ ಒಳಗೆ ಬರಬೇಕು. ಕೋಟೆ ಕೊನೆಗೆ. ಆಗಲೇ ಪೇಟೆ ಹೇಗೆ ಬೆಳೆಯಿತು ಅಂತ ಗೊತ್ತಾಗೋದು.

ಹೂವಿನ_ಹೊತ್ತು · 10:13

ಇತಿಹಾಸಕ್ಕೆ ಅದು ಸರಿ. ಅರವತ್ತು ದಾಟಿದ ಅಮ್ಮನ ಕಾಲಿಗೆ, ತಲೆಗೆ ನನ್ನದೇ ಸರಿ.

ಎರಡು_ಮಕ್ಕಳ_ತಾಯಿ · 10:30

ದಿಕ್ಕಿನ ಜಗಳ ಆಮೇಲೆ ಮಾಡಿ. ಟಾಯ್ಲೆಟ್ ಬಗ್ಗೆ ಕೇಳಿದ್ದಕ್ಕೆ ಯಾರೂ ಉತ್ತರಿಸಿಲ್ಲ. ಪೇಟೆಯಲ್ಲಿ ಹೆಂಗಸರಿಗೆ ಇದೇ ದೊಡ್ಡ ಸಮಸ್ಯೆ. ನೀರು ಕುಡಿಯದೇ ಸುತ್ತಿ, ಸಂಜೆ ತಲೆನೋವು ತಂದುಕೊಳ್ಳುವವರನ್ನು ಎಷ್ಟೋ ನೋಡಿದ್ದೇನೆ.

ಮೆಟ್ರೊ ಸ್ಟೇಷನ್ ನಂಬಿ. ಹಸಿರು ಮಾರ್ಗದಲ್ಲಿ ಮೆಜೆಸ್ಟಿಕ್ ಆದಮೇಲೆ ಚಿಕ್ಕಪೇಟೆ, ಅದಾದ ಮೇಲೆ ಕೆ.ಆರ್. ಮಾರ್ಕೆಟ್. 2017ರಲ್ಲಿ ಇವು ಶುರುವಾದ ಮೇಲೆ ಪೇಟೆಗೆ ಹೋಗುವುದು ನನಗೆ ಬಹಳ ಸುಲಭವಾಗಿದೆ. ರೈಲು ಇಳಿದ ತಕ್ಷಣ, ಸ್ಟೇಷನ್‌ನಿಂದ ಹೊರಗೆ ಬರುವ ಮೊದಲೇ ಮುಗಿಸಿಕೊಳ್ಳಿ. ಆಮೇಲೆ ಕೂತು ತಿನ್ನುವ ಹೋಟೆಲಿನಲ್ಲಿ. ಲಿಫ್ಟ್ ಕೂಡ ಇದೆ, ಹಾಗಾಗಿ ಮೆಟ್ಟಿಲಿನ ಚಿಂತೆ ಇಲ್ಲ. ಮಾರ್ಕೆಟ್ ಸರ್ಕಲ್‌ನಲ್ಲಿ ರಸ್ತೆ ದಾಟುವಾಗ ಮಾತ್ರ ಅಮ್ಮನ ಕೈ ಬಿಡಬೇಡಿ. ನೆಲದಡಿ ದಾರಿ ಇದೆ, ಅದಕ್ಕೆ ಮೆಟ್ಟಿಲು ಇಳಿದು ಹತ್ತಬೇಕು.

ಬೆಣ್ಣೆನಗರಿ · 10:38

ಅಕ್ಕಾ, ತುಂಬಾ ಥ್ಯಾಂಕ್ಸ್. ಇದು ಯಾರೂ ಹೇಳದ ವಿಷಯ. ಮತ್ತೆ, ಶನಿವಾರದ ಬದಲು ಭಾನುವಾರ ಹೋದರೆ ಜನ ಕಡಿಮೆ ಅಂತ ಒಬ್ಬರು ಹೇಳಿದರು. ರೈಲು ಬದಲಾಯಿಸಲಾ?

ಹಂಚಿನಮನೆ · 10:52

ಕಟ್ಟಡ ನೋಡಬೇಕು ಅಂದರೆ ಭಾನುವಾರ ಬೆಳಿಗ್ಗೆಯೇ ವಾಸಿ. ಸಗಟು ಅಂಗಡಿಗಳು ಮುಚ್ಚಿರುತ್ತವೆ, ತಲೆ ಎತ್ತಿ ನೋಡಬಹುದು. ಕೆಳಗೆ ಷಟರ್, ಮೇಲೆ ಮರದ ಕಂಬ, ಕಬ್ಬಿಣದ ಕಟಕಟೆ ಇರುವ ಹಳೇ ಮಹಡಿಗಳು ಇನ್ನೂ ಅಲ್ಲಲ್ಲಿ ಉಳಿದಿವೆ. ವಾರದ ದಿನ ಯಾರೂ ಮೇಲೆ ನೋಡಲ್ಲ, ನೋಡಿದರೆ ಕೆಳಗೆ ಗಾಡಿ ತಾಗುತ್ತದೆ.

ನಗರ್ತಪೇಟೆ_ಅಂಗಡಿ · ಬುಧವಾರ, ಬೆಳಿಗ್ಗೆ 7:15

ನಮ್ಮ ತಾತನ ಕಾಲದಿಂದ ನಗರ್ತಪೇಟೆಯಲ್ಲಿ ಅಂಗಡಿ ಇದೆ. ನನ್ನ ಅಭಿಪ್ರಾಯ: ಭಾನುವಾರ ಬರಬೇಡಿ. ಪೇಟೆ ಅಂದರೆ ಗೋಡೆಯಲ್ಲ, ವ್ಯಾಪಾರ. ಷಟರ್ ಎಳೆದ ಬೀದಿ ನೋಡಿ ಏನು ಅರ್ಥವಾಗುತ್ತದೆ?

ಒಂದೊಂದು ಬೀದಿಗೆ ಒಂದೊಂದು ಸಾಮಾನು. ತರಗುಪೇಟೆಯಲ್ಲಿ ದವಸ ಧಾನ್ಯ. ಸುಲ್ತಾನ್‌ಪೇಟೆಯಲ್ಲಿ ಪೇಪರ್, ಮದುವೆ ಕಾರ್ಡು. ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯಲ್ಲಿ ದೀಪ, ಸ್ವಿಚ್ಚು, ವೈರು. ಎಸ್.ಪಿ. ರಸ್ತೆಯಲ್ಲಿ ಕಂಪ್ಯೂಟರ್ ಬಿಡಿಭಾಗ. ಚಿಕ್ಕಪೇಟೆ ರೇಷ್ಮೆ ಸೀರೆ ಎಲ್ಲರಿಗೂ ಗೊತ್ತು. ನಮ್ಮ ಬೀದಿಯ ಮಹಡಿಗಳಲ್ಲಿ ಇವತ್ತಿಗೂ ಅಕ್ಕಸಾಲಿಗರು ಕೂತು ಕೆಲಸ ಮಾಡುತ್ತಾರೆ. ಒಂದೇ ಸಾಮಾನಿನ ಅಂಗಡಿಗಳು ಪಕ್ಕಪಕ್ಕ ಇದ್ದರೆ ನಷ್ಟ ಅಲ್ವಾ ಅಂತ ಹೊರಗಿನವರು ಕೇಳುತ್ತಾರೆ. ಇಲ್ಲ. ಗಿರಾಕಿ ಬೀದಿಗೆ ಬರುತ್ತಾನೆ, ಆಮೇಲೆ ಅಂಗಡಿಗೆ. ನನ್ನ ಹತ್ತಿರ ಇಲ್ಲದ ಮಾಲನ್ನು ಪಕ್ಕದವನಿಂದ ತರಿಸಿ ಕೊಡುತ್ತೇನೆ, ನಾಳೆ ಅವನು ನನ್ನಿಂದ ತರಿಸುತ್ತಾನೆ.

ಒಂದೇ ಒಂದು ವಿನಂತಿ. ಬೀದಿ ಮಧ್ಯೆ ನಿಂತು ಫೋಟೊ ತೆಗೆಯಬೇಡಿ. ಹಮಾಲರು ಬೆನ್ನ ಮೇಲೆ ಮೂಟೆ ಹೊತ್ತು ಬರುತ್ತಿರುತ್ತಾರೆ. ಅವರಿಗೆ ಥಟ್ಟನೆ ನಿಲ್ಲಲು ಆಗಲ್ಲ. "ಸೈಡ್, ಸೈಡ್" ಅಂದ ಕೂಡಲೇ ಗೋಡೆಗೆ ಸರಿಯಿರಿ.

ಹಂಚಿನಮನೆ · 7:40

ವ್ಯಾಪಾರ ಮುಖ್ಯ, ಒಪ್ಪುತ್ತೇನೆ ಸಾರ್. ಆದರೆ ಗೋಡೆ ಮುಖ್ಯವಲ್ಲ ಅಂದರೆ ನೋವಾಗುತ್ತದೆ. ಒಂದೊಂದೇ ಹಳೇ ಮನೆ ಕೆಡವಿ ಗಾಜಿನ ಕಾಂಪ್ಲೆಕ್ಸ್ ಕಟ್ಟುತ್ತಾ ಹೋದರೆ ಉಳಿಯುವುದು ಹೆಸರು ಮಾತ್ರ.

ನಗರ್ತಪೇಟೆ_ಅಂಗಡಿ · 7:58

ನೋವು ನಮಗೂ ಇದೆ. ಆದರೆ ಅಣ್ಣತಮ್ಮಂದಿರಲ್ಲಿ ಆರು ಪಾಲಾದ ಮನೆಯ ಸೂರು ಸೋರಿದರೆ ರಿಪೇರಿ ದುಡ್ಡು ಯಾರು ಹಾಕಬೇಕು? ಉಳಿಸಿ ಅನ್ನುವವರು ಬರುತ್ತಾರೆ, ಉಳಿಸಲು ಸಹಾಯ ಮಾಡುವವರು ಬರುವುದಿಲ್ಲ. ನಿಮ್ಮ ಮೇಲೆ ಕೋಪ ಇಲ್ಲ ಸಾರ್, ಇದ್ದ ವಿಷಯ ಹೇಳಿದೆ.

ಮಸಾಲೆ_ಗರಿಗರಿ · 8:20

ತಿಂಡಿ ವಿಷಯಕ್ಕೆ ಬರೋಣ. ಬಳೇಪೇಟೆಯ ಉಡುಪಿ ಶ್ರೀಕೃಷ್ಣ ಭವನ. ಸಾಗು ಮಸಾಲೆ ದೋಸೆ. ಬೇರೆ ಮಾತೇ ಇಲ್ಲ.

ಬೆಣ್ಣೆನಗರಿ · 8:31

ದಾವಣಗೆರೆಯವರಿಗೆ ದೋಸೆ ಹೇಳುತ್ತಿದ್ದೀರಲ್ಲ 😀

ಮಸಾಲೆ_ಗರಿಗರಿ · 8:33

ಬೆಣ್ಣೆದೋಸೆಗೆ ನನ್ನ ನಮಸ್ಕಾರ ಇದೆ. ಇದು ಬೇರೆ ಜಾತಿ. ಆಲೂಗಡ್ಡೆ ಪಲ್ಯದ ಜಾಗದಲ್ಲಿ ತರಕಾರಿ ಸಾಗು. ತಿಂದು ಬಂದು ಹೇಳಿ.

ನಾಲ್ಕನೇ_ಬ್ಲಾಕ್ · 8:45

ದೋಸೆಗೆ ಗಾಂಧಿ ಬಜಾರ್‌ಗೆ ಹೋಗಬೇಕು. ವಿದ್ಯಾರ್ಥಿ ಭವನ 1943ರಿಂದ ಇದೆ.

ಮಸಾಲೆ_ಗರಿಗರಿ · 8:47

ಶನಿವಾರ ಬೆಳಿಗ್ಗೆ ಅಲ್ಲಿ ಹೆಸರು ಬರೆಸಿ ಕಾಯುವಷ್ಟರಲ್ಲಿ ಇವರು ಪೇಟೆ ಅರ್ಧ ಮುಗಿಸಿರುತ್ತಾರೆ.

ಕೋಟೆ_ಬೀದಿ · 11:20

ಮೇಲೆ ಒಬ್ಬರು ಕೋಟೆ, ಟಿಪ್ಪು ಅರಮನೆ ಅಂತ ಬೇರೆ ಬೇರೆ ಬರೆದಿದ್ದಾರೆ. ಬಂದವರೆಲ್ಲ ಹಾಗೇ ಅಂದುಕೊಳ್ಳುತ್ತಾರೆ. ಅರಮನೆ ಇದ್ದದ್ದು ಕೋಟೆಯ ಒಳಗೆ. ಪಕ್ಕದ ಕೋಟೆ ವೆಂಕಟರಮಣ ದೇವಸ್ಥಾನ ಕೂಡ ಒಳಗೇ. ಕೋಟೆಯ ಬಹುಪಾಲು ಒಡೆದು ರಸ್ತೆ, ಆಸ್ಪತ್ರೆ, ಕಾಲೇಜು ಬಂದವು. ಉಳಿದದ್ದು ದೆಹಲಿ ಬಾಗಿಲಿನ ಸುತ್ತ ಒಂದು ತುಂಡು. ಅದನ್ನು ನೋಡಿ "ಇಷ್ಟೇನಾ ಕೋಟೆ?" ಅಂತ ಬೇಜಾರು ಮಾಡಿಕೊಳ್ಳುತ್ತಾರೆ. ಅಲ್ಲಿಂದ ಅರಮನೆಗೆ ನಡೆದು ಹೋಗಿ, ಆಗ ಕೋಟೆ ಎಷ್ಟು ದೊಡ್ಡದಿತ್ತು ಅಂತ ಕಾಲಿಗೆ ಗೊತ್ತಾಗುತ್ತದೆ. ನಡುವೆ ಸಿಗುವ ವಿಕ್ಟೋರಿಯಾ ಆಸ್ಪತ್ರೆ 1900ರಲ್ಲಿ ತೆರೆದದ್ದು.

ಕೆಂಪೇಗೌಡರು ಕಟ್ಟಿದ್ದು ಮಣ್ಣಿನ ಕೋಟೆ. ಕಲ್ಲಿನದು ಹೈದರಾಲಿ ಕಾಲದ್ದು, 1761. ದೇವಸ್ಥಾನ ಚಿಕ್ಕದೇವರಾಜ ಒಡೆಯರದ್ದು, 1689. ಅರಮನೆ ಹೈದರ್ ಶುರು ಮಾಡಿದ್ದು, ಟಿಪ್ಪು 1791ರಲ್ಲಿ ಮುಗಿಸಿದ್ದು. ಅದೇ ವರ್ಷದ ಮಾರ್ಚ್‌ನಲ್ಲಿ ಕಾರ್ನ್‌ವಾಲಿಸ್ ಸೈನ್ಯ ಬಂತು. ಮಾರ್ಚ್ 7ಕ್ಕೆ ಹಲಸೂರು ಬಾಗಿಲಿನಿಂದ ನುಗ್ಗಿ ಪೇಟೆ ಹಿಡಿದರು. ಕೋಟೆ ಬಿದ್ದದ್ದು ಮಾರ್ಚ್ 21ರ ರಾತ್ರಿ. ಗೋಡೆ ಒಡೆದ ಜಾಗದಲ್ಲಿ ಒಂದು ಕಲ್ಲು ಫಲಕ ಇದೆ, ಓಡಾಡುವವರ ಕಣ್ಣಿಗೆ ಬೀಳುವುದಿಲ್ಲ. ಕೇಳಿ ಹುಡುಕಿ.

ಅರಮನೆಯ ಮೇಲಿನ ಮಹಡಿಗೆ ಕಡಿದಾದ ಮೆಟ್ಟಿಲು. ಅಮ್ಮ ಕೆಳಗೇ ಇರಲಿ. ತೇಗದ ಕಂಬಗಳ ಅಂದ ಕೆಳಗಿನಿಂದಲೇ ಚೆನ್ನಾಗಿ ಕಾಣುತ್ತದೆ. ದೇವಸ್ಥಾನ ಮಧ್ಯಾಹ್ನ ಬಾಗಿಲು ಹಾಕುತ್ತದೆ, ಆದ್ದರಿಂದ ಕೋಟೆ ಭಾಗ ಬೆಳಿಗ್ಗೆಯೇ ಆಗಬೇಕು. ಹೂವಿನ_ಹೊತ್ತು ಹೇಳಿದ ದಿಕ್ಕಿಗೆ ನನ್ನ ಓಟು.

ತರಗುಪೇಟೆ_ಮೊಮ್ಮಗ · 11:34

ದೇವಸ್ಥಾನದ ಸಮಯದ ಕಾರಣ ಒಪ್ಪಿದೆ. ಆದರೂ ಮೈಸೂರು ಬ್ಯಾಂಕ್ ಕಡೆಯ ಆಂಜನೇಯನನ್ನು ಬಿಡಬೇಡಿ.

ರೇಷ್ಮೆ_ಅಂಚು · ಮಧ್ಯಾಹ್ನ 1:05

ಚಿಕ್ಕಪೇಟೆಯಲ್ಲಿ ಒಂದು ಎಚ್ಚರಿಕೆ. "ಬನ್ನಿ ಅಕ್ಕಾ, ಸೀರೆ ನೋಡಿ, ಫ್ಯಾಕ್ಟರಿ ರೇಟು" ಅಂತ ದಾರಿಯಲ್ಲೇ ಹಿಂದೆ ಬೀಳುವವರಿದ್ದಾರೆ. ಅವರಿಗೆ ಅಂಗಡಿಯಿಂದ ಕಮಿಷನ್. ಅದು ಸೇರುವುದು ನಿಮ್ಮ ಬಿಲ್ಲಿಗೆ. ನನ್ನ ಅತ್ತಿಗೆಯನ್ನು ಹೀಗೇ ಕರೆದುಕೊಂಡು ಹೋಗಿ, ಮಹಡಿಯ ಮೇಲಿನ ಅಂಗಡಿಯಲ್ಲಿ ಸೀರೆ ರಾಶಿ ಬಿಚ್ಚಿ ಹಾಕಿದರು. ಅಷ್ಟು ಬಿಚ್ಚಿಸಿದ ಮೇಲೆ ಬರಿಗೈಲಿ ಹೇಗೆ ಏಳುವುದು ಅಂತ ಸಂಕೋಚ. ಬೇಡದ ಸೀರೆ ತಂದರು. ಬಿಚ್ಚುವುದು ಅವರ ಕೆಲಸ, ಏಳುವುದು ನಮ್ಮ ಹಕ್ಕು. ನಿಮಗೆ ಬೇಕಿದ್ದರೆ ಅಂಗಡಿ ಮೊದಲೇ ಗೊತ್ತುಮಾಡಿಕೊಂಡು ಹೋಗಿ.

ನಗರ್ತಪೇಟೆ_ಅಂಗಡಿ · 1:22

ಸರಿಯಾದ ಮಾತು. ಇವರಿಂದ ಒಳ್ಳೆ ಅಂಗಡಿಯವರಿಗೂ ಕೆಟ್ಟ ಹೆಸರು.

ಹಸಿಕರಗ · ಸಂಜೆ 6:40

ಈ ಸಲ ಆಗದಿದ್ದರೆ ಮುಂದಿನ ವರ್ಷ ಕರಗಕ್ಕೆ ಬನ್ನಿ. ಯುಗಾದಿ ಆದಮೇಲಿನ ಹುಣ್ಣಿಮೆ ರಾತ್ರಿ. ಧರ್ಮರಾಯ ಸ್ವಾಮಿ ದೇವಸ್ಥಾನದಿಂದ ನಡುರಾತ್ರಿ ದಾಟಿದ ಮೇಲೆ ಕರಗ ಹೊರಡುತ್ತದೆ. ಮುಂದೆ ಕತ್ತಿ ಹಿಡಿದ ವೀರಕುಮಾರರು, "ಗೋವಿಂದಾ" ಕೂಗು, ಎರಚುವ ಮಲ್ಲಿಗೆ. ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗಿ ಬರುತ್ತದೆ. ತಿಗಳ ಸಮುದಾಯದವರು ತಲೆಮಾರುಗಳಿಂದ ನಡೆಸಿಕೊಂಡು ಬಂದ ಹಬ್ಬ. ಪೇಟೆಯ ಬೀದಿಗಳನ್ನು ನಡೆದು ನೋಡುವುದು ಅಂದರೆ ನನಗೆ ಅದೇ.

ಎರಡು_ಮಕ್ಕಳ_ತಾಯಿ · 6:55

ಆ ನೂಕುನುಗ್ಗಲಿಗೆ ವಯಸ್ಸಾದವರನ್ನು ಕರೆದುಕೊಂಡು ಬರುವುದು ಕಷ್ಟ.

ಹಸಿಕರಗ · 7:02

ದಾರಿಯ ಪಕ್ಕದ ಪರಿಚಯದವರ ಮನೆ ಜಗಲಿ ಸಿಕ್ಕಿದರೆ ಕಷ್ಟ ಇಲ್ಲ. ನಮ್ಮಜ್ಜಿ ಹಾಗೇ ನೋಡುತ್ತಿದ್ದರು. ಈ ಶನಿವಾರ ದೇವಸ್ಥಾನವನ್ನಾದರೂ ನೋಡಿ, ದ್ರೌಪದಿ, ಪಾಂಡವರಿಗೆ ಪೂಜೆ ನಡೆಯುವ ಜಾಗ.

ಕೆರೆ_ನೆನಪು · ರಾತ್ರಿ 9:15

ನಡಿಗೆ ಶುರುವಾಗುವ ಮೊದಲೇ ಅಮ್ಮನಿಗೆ ಒಂದು ವಿಷಯ ಹೇಳಿ. ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಮೇಲೆ. ಪೇಟೆಗೆ ನೀರು ಕೊಡುತ್ತಿದ್ದ ಕೆರೆ ಅದು. ಕೆ.ಆರ್. ಮಾರ್ಕೆಟ್ ಜಾಗದಲ್ಲೂ ಸಿದ್ದಿಕಟ್ಟೆ ಅನ್ನುವ ಕೆರೆ ಇತ್ತು, ಮಾರ್ಕೆಟ್ ಕಟ್ಟಡ ಬಂದದ್ದು 1928ರಲ್ಲಿ. ನೀವು ಒಂದು ಕೆರೆಯಿಂದ ಇನ್ನೊಂದು ಕೆರೆಗೆ ಹೋಗುತ್ತಿದ್ದೀರಿ, ಎರಡರಲ್ಲೂ ನೀರಿಲ್ಲ.

ಬೆಣ್ಣೆನಗರಿ · ಭಾನುವಾರ, ಸಂಜೆ 5:30

ಊರಿಗೆ ಬಂದು ತಲುಪಿದೆವು. ಎಲ್ಲರೂ ಇಷ್ಟು ಮುತುವರ್ಜಿಯಿಂದ ಬರೆದಿದ್ದಕ್ಕೆ ಏನು ಹೇಳಲಿ. ಹೇಗಾಯಿತು ಅಂತ ಹೇಳುತ್ತೇನೆ, ಮುಂದೆ ಬರುವವರಿಗೆ ಅನುಕೂಲ.

ಮಾರ್ಕೆಟ್‌ನಿಂದಲೇ ಶುರು ಮಾಡಿದೆವು. ಆರೂವರೆಗೆ ಒಳಗಿದ್ದೆವು. ಅಮ್ಮ ಒಬ್ಬ ಹೂವಿನ ಹೆಂಗಸಿನ ಹತ್ತಿರ ಮಾತಿಗೆ ಕೂತರು. ಹೂವು ಯಾವ ಊರಿಂದ ಬರುತ್ತದೆ, ಎಷ್ಟು ಹೊತ್ತಿಗೆ ಮನೆ ಬಿಡುತ್ತೀರಿ, ಮಕ್ಕಳು ಏನು ಓದುತ್ತಾರೆ, ಎಲ್ಲ ವಿಚಾರಣೆ ಆಯಿತು. ಆಕೆ ಅಮ್ಮನಿಗೆ ಕೂರಲು ಒಂದು ಬುಟ್ಟಿ ಬೋರಲು ಹಾಕಿ ಕೊಟ್ಟರು. ಪೇಟೆಯಲ್ಲಿ ಬೆಂಚಿಲ್ಲ ಅನ್ನುವವರಿಗೆ ಇದನ್ನು ಹೇಳಬೇಕು.

ಆಮೇಲೆ ಕೋಟೆ, ಅಲ್ಲಿಂದ ನಿಧಾನಕ್ಕೆ ದೇವಸ್ಥಾನ, ಅರಮನೆ. ಕೋಟೆ_ಬೀದಿ ಅವರೇ, ನೀವು ಹೇಳಿದ ಹಾಗೆ ನಡುವಿನ ದೂರವನ್ನು ನಡೆದಿದ್ದರಿಂದಲೇ ಅದು ಒಂದೇ ಕೋಟೆ ಅಂತ ಅರ್ಥವಾಯಿತು. ಮಾರ್ಕೆಟ್‌ನಿಂದ ಚಿಕ್ಕಪೇಟೆಗೆ ಮೆಟ್ರೊ ಹತ್ತಿದೆವು, ಒಂದೇ ಸ್ಟೇಷನ್ ಆದರೂ ಅಮ್ಮನಿಗೆ ತಂಪಲ್ಲಿ ಸ್ವಲ್ಪ ಕೂತ ಹಾಗಾಯಿತು. ಸಾಗು ಮಸಾಲೆ ಅಮ್ಮನಿಗೆ ತುಂಬಾ ಹಿಡಿಸಿತು. ನನಗೆ ನಮ್ಮೂರ ಬೆಣ್ಣೆದೋಸೆಯೇ ಮೇಲು.

ದೊಡ್ಡಪೇಟೆ, ಚಿಕ್ಕಪೇಟೆ ಕೂಡುವ ಜಾಗದಲ್ಲಿ ಅಮ್ಮ ಸಾಕಷ್ಟು ಹೊತ್ತು ನಿಂತರು. ಪಕ್ಕದ ಅಂಗಡಿಯ ಹುಡುಗ "ಏನಮ್ಮಾ ಹುಡುಕುತ್ತಿದ್ದೀರಿ?" ಅಂದ. ಅಮ್ಮ ಅವನಿಗೆ ಪೂರ್ತಿ ಪಾಠ ಮಾಡಿದರು. ಅಲ್ಲೇ ದಿನಾ ನಿಲ್ಲುವ ಹುಡುಗನಿಗೆ ನೇಗಿಲ ಕಥೆ ಗೊತ್ತಿರಲಿಲ್ಲ. ಒಂದು ಸಣ್ಣ ಫಲಕ ಹಾಕಿದರೆ ಏನು ಖರ್ಚು? ಇಷ್ಟು ದೊಡ್ಡ ಊರು ಶುರುವಾದ ಜಾಗ.

ಕಷ್ಟ ಆದದ್ದು ಒಂದೇ, ಅವೆನ್ಯೂ ರೋಡಿನ ಬೈಕುಗಳು. ಫುಟ್‌ಪಾತ್ ಮೇಲೆ ಸಾಮಾನು, ಕೆಳಗಿಳಿದರೆ ಬೈಕು. ಹನ್ನೆರಡರ ಹೊತ್ತಿಗೆ ಅಮ್ಮನಿಗೆ ಸಾಕಾಯಿತು. ಧರ್ಮರಾಯ ದೇವಸ್ಥಾನ ಬಿಟ್ಟೆವು. ಪುಸ್ತಕದ ಅಂಗಡಿಯಲ್ಲಿ ಒಂದು ಹಳೇ ಕನ್ನಡ ವ್ಯಾಕರಣ ಸಿಕ್ಕಿತು. ಆಂಜನೇಯನಿಗೆ ಕೈ ಮುಗಿದು ಆಟೊ ಹಿಡಿದೆವು.

ಹಂಚಿನಮನೆ · 5:48

ಓದಿ ಖುಷಿಯಾಯಿತು. ಬೈಕಿನ ವಿಷಯಕ್ಕೆ ನನ್ನದು ಒಂದೇ ಮಾತು: ಅವೆನ್ಯೂ ರೋಡಿನಲ್ಲಿ ಹಗಲು ಹೊತ್ತು ವಾಹನ ನಿಲ್ಲಿಸಬೇಕು. 2020ರಲ್ಲಿ ಚರ್ಚ್ ಸ್ಟ್ರೀಟ್‌ನಲ್ಲಿ ವಾರದ ಕೊನೆಗೆ ನಿಲ್ಲಿಸಿದ್ದರಲ್ಲ, ಜನ ಎಷ್ಟು ಹಾಯಾಗಿ ಓಡಾಡಿದರು.

ನಗರ್ತಪೇಟೆ_ಅಂಗಡಿ · 6:10

ಚರ್ಚ್ ಸ್ಟ್ರೀಟ್‌ನಲ್ಲಿ ಕಾಫಿ ಕುಡಿದು ಪುಸ್ತಕ ಕೊಳ್ಳುತ್ತಾರೆ. ಇಲ್ಲಿ ಟನ್‌ಗಟ್ಟಲೆ ಮಾಲು ಇಳಿಯಬೇಕು. ಗಾಡಿ ಬರದಿದ್ದರೆ ಬಟ್ಟೆ ಥಾನು ಹೇಗೆ ಬರುತ್ತದೆ?

ಹಂಚಿನಮನೆ · 6:14

ರಾತ್ರಿ, ಬೆಳಗಿನ ಜಾವ ಇಳಿಸಿ. ಬೈಕು ಮಾಲು ತರುವುದಿಲ್ಲವಲ್ಲ ಸಾರ್. ದಾರಿ ಕಮ್ಮಿ ಮಾಡಿಕೊಳ್ಳಲು ಒಳಗೆ ನುಗ್ಗುವವರೇ ಜಾಸ್ತಿ.

ನಗರ್ತಪೇಟೆ_ಅಂಗಡಿ · 6:20

ಅದು ನಿಜ. ಸುಮ್ಮನೆ ಹಾದುಹೋಗುವ ಬೈಕು ನಿಲ್ಲಿಸಿದರೆ ನಾನೇ ಮೊದಲು ಸಹಿ ಹಾಕುತ್ತೇನೆ. ಮಾಲಿನ ಗಾಡಿಗೆ, ಕೈಗಾಡಿಗೆ ತೊಂದರೆ ಕೊಡಬಾರದು, ಅಷ್ಟೇ. ಗಿರಾಕಿ ಆರಾಮಾಗಿ ನಡೆದರೆ ನಮಗೂ ಲಾಭವೇ.

ಎರಡು_ಮಕ್ಕಳ_ತಾಯಿ · 6:31

ಸಹಿ ಹಾಕಿಸುವಾಗ ಹೆಂಗಸರ ಟಾಯ್ಲೆಟ್ ಕೂಡ ಸೇರಿಸಿ. ಬೀದಿಗೆ ಒಂದಾದರೂ ಬೇಕು.

ಗದಗ_ಗೆಳೆಯ · 8:02

ಇಡೀ ಚರ್ಚೆ ಓದಿದೆ. ಮುಂದಿನ ತಿಂಗಳು ನಾವೂ ಹೋಗಬೇಕು ಅಂತಿದ್ದೇವೆ. ಒಂದೂವರೆ ವರ್ಷದ ಮಗು ಇದೆ. ತಳ್ಳುವ ಗಾಡಿ ತರಬಹುದಾ?

ಹೂವಿನ_ಹೊತ್ತು · 8:09

ಬೇಡ ಅಣ್ಣಾ. ಮಾರ್ಕೆಟ್ ಒಳಗೆ ನೆಲ ಒದ್ದೆ, ಅವೆನ್ಯೂ ರೋಡಿನಲ್ಲಿ ಗಾಲಿ ಉರುಳುವಷ್ಟು ಜಾಗ ಸಿಗಲ್ಲ. ಎದೆಗೆ ಕಟ್ಟಿಕೊಳ್ಳುವ ಚೀಲ ಇದ್ದರೆ ತನ್ನಿ. ಬೆಳಿಗ್ಗೆ ಬೇಗ ಬನ್ನಿ, ಹತ್ತಕ್ಕೆ ಮುಗಿಸಿ.